ಸಣ್ಣ ತುಕಡಿ ನಾಯಕರಿಗೆ ಮೊದಲು ಟೈಮ್ ಹಂಚೋದು ಕಲಿಸಿ

ಮಾನ್ಯ ಸಂಪಾದಕರೇ,

ಸೇನೆ ಬಗ್ಗೆ ಪತ್ರಿಕೆಗಳಲ್ಲಿ ಬರೋದನ್ನೆಲ್ಲ ಬಿಡದೆ ಓದೋನು ನಾನು. ಬರೋದೆಲ್ಲ ಹೆಚ್ಚುಕಮ್ಮಿ ಹೊಸ ರೈಫಲ್ಲು, ಡ್ರೋನು, ಟ್ಯಾಂಕು, ಯಾವ ದೇಶದ ಹತ್ರ ಎಷ್ಟು ವಿಮಾನ ಇದೆ ಇಷ್ಟರ ಸುತ್ತಾನೇ ಇರತ್ತೆ, ಅದು ಬೇಡ ಅಂತ ಹೇಳ್ತಿಲ್ಲ, ಆದ್ರೆ ಎಷ್ಟೇ ದೊಡ್ಡ ಯುದ್ಧ ಆದ್ರೂ ಕೊನೆಗೆ ಅದು ಒಬ್ಬ ಸೆಕ್ಷನ್ ಕಮಾಂಡರ್ ಕೈಗೆ ಬಂದು ನಿಲ್ಲತ್ತೆ, ಒಂಬತ್ತು ಹತ್ತು ಜನರನ್ನ ಕಟ್ಕೊಂಡು ಕತ್ತಲಲ್ಲಿ ಗೊತ್ತಿಲ್ಲದ ಜಾಗಕ್ಕೆ ಹೊರಡೋ ಇಪ್ಪತ್ತೈದರ ಹುಡುಗ ಅವನು, ಅವನ ಮೇಲೆ ಮೂವತ್ತು ಚಿಲ್ಲರೆ ಜನರ ಪ್ಲಟೂನ್ ನಡೆಸೋ ಇನ್ನೊಬ್ಬ ಹುಡುಗ. ಇವರಿಗೆ ಒಂದು ಕಾರ್ಯಾಚರಣೆಗೆ ಪ್ಲಾನ್ ಮಾಡೋದು, ತಮ್ಮ ಜನರನ್ನ ತಯಾರು ಮಾಡೋದು ಹೇಗೆ ಅಂತ ಕಲಿಸೋ ವಿಷಯದ ಬಗ್ಗೆ ಯಾರೂ ಬರೆಯಲ್ಲ. ಆ ಕಲಿಸೋ ಕೆಲಸದಲ್ಲಿ ಬಹಳ ವರ್ಷ ಇದ್ದೋನು ನಾನು, ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಹೇಳ್ಬೇಕಂತಿರೋದು ಒಂದೇ. ಸಣ್ಣ ತುಕಡಿ ನಾಯಕ ಮೊದಲು ಕಲೀಬೇಕಾಗಿರೋದು ಟೈಮ್ ಹಂಚೋದು. ನಕ್ಷೆ ಓದೋದು, ಶತ್ರು ಲೆಕ್ಕ ಹಾಕೋದು, ಆರ್ಡರ್ ಕೊಡೋದು ಎಲ್ಲ ಅದಾದ ಮೇಲೆ. ಈಗ ಕೋರ್ಸ್‌ಗಳಲ್ಲಿ ನಡೀತಿರೋದು ಉಲ್ಟಾ.

ವಿಧಾನ ಏನೂ ಗುಟ್ಟಲ್ಲ, ಎಲ್ಲಾ ಸೇನೆಗಳಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇದೆ. ಬ್ರಿಟಿಷ್ ಪದ್ಧತಿಯಲ್ಲಿ ಬೆಳೆದ ಸೇನೆಗಳು ಇದನ್ನ ಬ್ಯಾಟಲ್ ಪ್ರೊಸೀಜರ್ ಅಂತಾರೆ, ಅಮೆರಿಕದ ಸೇನೆಯಲ್ಲಿ ಟ್ರೂಪ್ ಲೀಡಿಂಗ್ ಪ್ರೊಸೀಜರ್ಸ್ ಅಂತ 8 ಹೆಜ್ಜೆ ಇದೆ, ಅವರದೇ ಮೆರೀನ್‌ಗಳು ಅದನ್ನ 6 ಹೆಜ್ಜೆ ಮಾಡ್ಕೊಂಡಿದ್ದಾರೆ. ಮೇಲಿನಿಂದ ಕೆಲಸ ಬರತ್ತೆ, ಬಂದ ತಕ್ಷಣ ಕೆಳಗಿನವರಿಗೆ ವಾರ್ನಿಂಗ್ ಆರ್ಡರ್ ಅಂದ್ರೆ ಮುನ್ಸೂಚನೆ ಕೊಡ್ಬೇಕು, ಆಮೇಲೆ ಒಂದು ಕಚ್ಚಾ ಪ್ಲಾನ್, ಜನ ಸಾಮಾನು ಮುಂದಕ್ಕೆ ಸಾಗಿಸೋದು ಇದ್ರೆ ಅದನ್ನ ಶುರು ಮಾಡೋದು, ರೆಕ್ಕಿ ಅಂದ್ರೆ ಮುಂಚೆ ಹೋಗಿ ಜಾಗ ನೋಡ್ಕೊಂಡು ಬರೋದು, ರೆಕ್ಕಿಯಲ್ಲಿ ಕಂಡಿದ್ದಕ್ಕೆ ತಕ್ಕಂಗೆ ಪ್ಲಾನ್ ಪೂರ್ತಿ ಮಾಡೋದು, ಪೂರ್ತಿ ಆರ್ಡರ್ ಕೊಡೋದು, ಕೊನೆಗೆ ನಿಂತು ನೋಡಿ ತಿದ್ದೋದು. ಅನುಕ್ರಮ ಹಿಂದೆಮುಂದೆ ಆಗ್ಬಹುದು, ಎರಡು ಹೆಜ್ಜೆ ಒಟ್ಟಿಗೆ ನಡೀಬಹುದು ಅಂತಾನೂ ಕೈಪಿಡಿಗಳೇ ಹೇಳತ್ವೆ. ಕೇಳಿದ್ರೆ ಯಾವ ಟ್ರೈನಿ ಬೇಕಾದ್ರೂ ಇದನ್ನ ಗಿಳಿ ಥರ ಒಪ್ಪಿಸ್ತಾನೆ. ಆದ್ರೆ ನಿಜವಾಗ್ಲೂ ಒಂದು ಕೆಲಸ ಅವನ ಕೈಗೆ ಕೊಟ್ಟು ದೂರ ನಿಂತು ನೋಡಿ, ನಕ್ಷೆ ಹರಡ್ಕೊಂಡು ಕೂತ್ಬಿಡ್ತಾನೆ, ಮೂರು ಗಂಟೆ ಏಳಲ್ಲ, ಅಷ್ಟು ಹೊತ್ತೂ ಅವನ ಜನ ಏನಾಗ್ತಿದೆ ಅಂತ ಗೊತ್ತಿಲ್ದೆ ಮರದ ಕೆಳಗೆ ಕಾಯ್ತಾ ಇರ್ತಾರೆ.

ಮೂರನೇ ಒಂದು ಪಾಲಿನ ನಿಯಮ ಅಂತ ಒಂದಿದೆ. ಕೈಯಲ್ಲಿರೋ ಟೈಮ್‌ನಲ್ಲಿ ನಾಯಕ ತನಗೆ ಅಂತ ಮೂರರಲ್ಲಿ ಒಂದು ಪಾಲು ಮಾತ್ರ ಇಟ್ಕೋಬೇಕು, ಉಳಿದ ಎರಡು ಪಾಲು ಕೆಳಗಿನವರದ್ದು. ಮಧ್ಯಾಹ್ನ 12ಕ್ಕೆ ಕೆಲಸ ಬಂತು, ರಾತ್ರಿ 9ಕ್ಕೆ ಹೊರಡ್ಬೇಕು ಅಂತಿಟ್ಕೊಳಿ. ಒಂಬತ್ತು ಗಂಟೆ ಸಿಕ್ತು. ಪ್ಲಟೂನ್ ಕಮಾಂಡರ್ 3 ಗಂಟೆ ಒಳಗೆ ಆರ್ಡರ್ ಕೊಟ್ಟು ಮುಗಿಸಿರ್ಬೇಕು. ಇದಿಷ್ಟು ಬೋರ್ಡ್ ಮೇಲೆ ಬರೆದು ಕಲಿಸ್ತಾರೆ, ಎಲ್ರೂ ತಲೆ ಆಡಿಸ್ತಾರೆ. ಆದ್ರೆ ಆ 9 ಗಂಟೆ ಒಂದೇ ಥರದ್ದಲ್ಲ ಅನ್ನೋದನ್ನ ಹೇಳೋರು ಕಮ್ಮಿ. ಸಂಜೆ ಆರೂವರೆಗೆ ಕತ್ತಲಾಗತ್ತೆ ಅಂದ್ರೆ ಬೆಳಕು ಇರೋದು ಆರೂವರೆ ಗಂಟೆ ಮಾತ್ರ, ರೆಕ್ಕಿ ಆಗ್ಬೇಕಾದ್ದು ಅದರೊಳಗೆ, ಮೊದಲ ರಿಹರ್ಸಲ್ಲೂ ಅದರೊಳಗೇ, ಊಟ, ಒಂದು ಗಂಟೆ ನಿದ್ದೆ, ಮದ್ದುಗುಂಡು ಹಂಚೋದು, ರೇಡಿಯೋ ಚೆಕ್ಕು ಎಲ್ಲದಕ್ಕೂ ಜಾಗ ಬೇಕು. ಅದಕ್ಕೇ ಲೆಕ್ಕ ಹಿಂದಿನಿಂದ ಹಾಕ್ಬೇಕು. 9ಕ್ಕೆ ಹೊರಡೋದು, ಎಂಟೂವರೆಗೆ ಕೊನೇ ಇನ್‌ಸ್ಪೆಕ್ಷನ್, ಏಳಕ್ಕೆ ಕತ್ತಲಲ್ಲಿ ಒಂದು ರಿಹರ್ಸಲ್, ಐದಕ್ಕೆ ಬೆಳಕಲ್ಲಿ ಒಂದು, ಹಾಗಾದ್ರೆ ಸೆಕ್ಷನ್ ಕಮಾಂಡರ್‌ಗಳು ತಮ್ಮ ಜನಕ್ಕೆ ಆರ್ಡರ್ ಕೊಟ್ಟು ಮುಗಿಸೋದು ನಾಲ್ಕೂವರೆಗೆ, ಅದಕ್ಕೆ ಅವರಿಗೂ ಯೋಚನೆ ಮಾಡೋಕೆ ಒಂದು ಗಂಟೆ, ಆರ್ಡರ್ ಹೇಳೋಕೆ ಮುಕ್ಕಾಲು ಗಂಟೆ ಬೇಡ್ವಾ, ಹಾಗಾದ್ರೆ ಪ್ಲಟೂನ್ ಕಮಾಂಡರ್ ಆಗಿ ನನ್ನ ಆರ್ಡರ್ ಮೂರಕ್ಕಲ್ಲ, ಎರಡೂಮುಕ್ಕಾಲಿಗೇ ಮುಗೀಬೇಕು. ಹೀಗೆ ಹಿಂದಕ್ಕೆ ಬರ್ತಾ ಬರ್ತಾ ಹುಡುಗನಿಗೆ ತಾನಾಗೇ ಗೊತ್ತಾಗತ್ತೆ, ಮೂರನೇ ಒಂದು ಪಾಲು ಅನ್ನೋದು ಗಡಿ, ಪೂರ್ತಿ ಬಳಸ್ಕೊಳ್ಳಲೇಬೇಕು ಅಂತೇನಿಲ್ಲ.

ಟೈಮ್‌ಟೇಬಲ್ ಬರೆದ ಕೂಡ್ಲೇ ವಾರ್ನಿಂಗ್ ಆರ್ಡರ್. ಇದರಲ್ಲಿ ಪ್ಲಾನ್ ಇರಲ್ಲ, ಇರ್ಬೇಕಾಗೂ ಇಲ್ಲ. ಏನು ಥರದ ಕೆಲಸ, ಎಷ್ಟು ಹೊತ್ತಿಗೆ ಹೊರಡೋದು, ಯಾರ್ಯಾರು, ವಿಶೇಷವಾಗಿ ಏನು ಸಾಮಾನು ಬೇಕಾಗ್ಬಹುದು, ಪೂರ್ತಿ ಆರ್ಡರ್ ಎಲ್ಲಿ ಎಷ್ಟು ಹೊತ್ತಿಗೆ. ಇಷ್ಟು ಹೇಳೋಕೆ ಐದು ನಿಮಿಷ ಸಾಕು. ಆದ್ರೆ ಆ ಐದು ನಿಮಿಷದಿಂದ ಮೂವತ್ತು ಜನರ ಮೂರು ಗಂಟೆ ಉಳಿಯತ್ತೆ, ರಾತ್ರಿ ಹೊಂಚು ಹಾಕೋ ಕೆಲಸ ಅಂತ ಗೊತ್ತಾದ್ರೆ ಅನುಭವ ಇರೋ ಹವಾಲ್ದಾರ್ ಯಾರನ್ನೂ ಕೇಳದೆ ಮೆಷಿನ್‌ಗನ್ ಬಿಚ್ಚಿ ಕ್ಲೀನ್ ಮಾಡ್ಸಿ, ನೈಟ್ ವಿಷನ್ ಬ್ಯಾಟರಿ ನೋಡಿ, ಯಾರ ಕಾಲಲ್ಲಿ ಬೊಬ್ಬೆ ಬಂದಿದೆ ಅಂತ ವಿಚಾರಿಸಿ, ಹೊಂಚು ಕೂರೋ ಅಭ್ಯಾಸಾನೇ ಶುರು ಮಾಡ್ಸಿರ್ತಾನೆ. ನಾಯಕ ಮಾತ್ರ ಎಲ್ಲ ಖಾತ್ರಿ ಆಗೋವರೆಗೂ ಬಾಯಿ ಬಿಡಬಾರ್ದು ಅಂತ ಕೂತಿರ್ತಾನೆ, ಅರ್ಧ ಗೊತ್ತಿರೋದನ್ನ ಹೇಳಿದ್ರೆ ಮರ್ಯಾದೆ ಹೋಗತ್ತೆ ಅನ್ನೋ ಭಯ ಅದು. ಕಲಿಸೋರು ಮೊದಲು ತೆಗೀಬೇಕಾದ್ದು ಈ ಭಯಾನ.

ಇನ್ನು ಯೋಚನೆ ಮಾಡೋ ವಿಷಯ. ಕೆಲಸ, ಶತ್ರು, ನೆಲ ಮತ್ತು ಹವೆ, ನಮ್ಮ ಜನ, ಟೈಮ್, ಅಲ್ಲಿರೋ ನಾಗರಿಕರು, ಈ ಆರು ತಲೆಬರಹದ ಕೆಳಗೆ ಯೋಚನೆ ಮಾಡಿ ಅಂತ ಬಹಳ ಕಡೆ ಹೇಳಿಕೊಡ್ತಾರೆ. ಟ್ರೈನಿ ಆರು ಖಾನೆ ತುಂಬಿಸ್ತಾನೆ. ನೆಲ ಅನ್ನೋ ಕಡೆ "ಬಲಗಡೆ ಹಳ್ಳ ಇದೆ" ಅಂತ ಬರೀತಾನೆ. ಅದು ನಕ್ಷೆಯಲ್ಲೇ ಇದ್ಯಲ್ಲ, ಬರೆದು ಏನಾಯ್ತು? ಹಳ್ಳ ಇದ್ರೆ ಏನೀಗ ಅಂತ ಕೇಳ್ಬೇಕು. ಆ ಹಳ್ಳದಲ್ಲಿ ಬಗ್ಗಿ ನಡೆದ್ರೆ ಶತ್ರುಗೆ ಕಾಣ್ತೀವಾ, ಇಲ್ವಾ? ಹಳ್ಳದ ಉದ್ದಕ್ಕೂ ಅವನೇ ಒಂದು ಮೆಷಿನ್‌ಗನ್ ಇಟ್ಟಿದ್ರೆ? ನಮಗೆ ಒಳ್ಳೇದು ಅನ್ಸಿದ ದಾರಿ ಅವನಿಗೂ ಹಾಗೇ ಅನ್ಸಿರತ್ತೆ ಅಲ್ವಾ. ನೀರಿದ್ರೆ ಸದ್ದು, ಒಣಗಿದ್ರೆ ಕಲ್ಲು ಉರುಳೋ ಸದ್ದು. ತಗ್ಗಿಗೆ ಇಳಿದ್ರೆ ರೇಡಿಯೋ ಸಿಗ್ನಲ್ ಹೋಗತ್ತೆ, ಹಾಗಾದ್ರೆ ಇಳಿಯೋ ಮುಂಚೆ ಒಂದು ರಿಪೋರ್ಟ್, ಹತ್ತಿದ ಮೇಲೆ ಒಂದು ಅಂತ ಪ್ಲಾನ್‌ನಲ್ಲಿ ಸೇರಿಸ್ಬೇಕು. ಗಾಯ ಆದವನನ್ನ ಆ ದಡದಿಂದ ಮೇಲೆ ಎತ್ತೋಕೆ ಎಷ್ಟು ಜನ ಬೇಕು? ಸ್ಟ್ರೆಚರ್‌ಗೆ ನಾಲ್ಕು ಜನ ಅಂದ್ರೆ ಹತ್ತು ಜನರ ಸೆಕ್ಷನ್‌ನಲ್ಲಿ ಒಬ್ಬ ಬಿದ್ರೆ ಐವರು ಹೋದ ಹಾಗೆ, ಉಳಿದ ಐವರಿಂದ ಕೆಲಸ ಮುಗಿಯತ್ತಾ? ಒಂದೇ ಒಂದು ಹಳ್ಳದ ಮೇಲೆ ಇಷ್ಟು ಪ್ರಶ್ನೆ. ಒಂದು ಪೀರಿಯಡ್ ಪೂರ್ತಿ ಒಂದೇ ಹಳ್ಳದ ಮೇಲೆ ಕಳೆದ್ರೂ ನಷ್ಟ ಇಲ್ಲ ಅಂತೀನಿ ನಾನು, ಆರು ಖಾನೆ ಆರು ಸ್ಲೈಡ್‌ನಲ್ಲಿ ಮುಗಿಸೋದಕ್ಕಿಂತ.

ರೆಕ್ಕಿ ಬಗ್ಗೆ ಹೆಚ್ಚು ಹೇಳಲ್ಲ, ಕಣ್ಣಾರೆ ನೋಡ್ದೆ ಪ್ಲಾನ್ ಪೂರ್ತಿ ಮಾಡಬಾರ್ದು, ಹೋಗೋಕೆ ಆಗಲಿಲ್ಲ ಅಂದ್ರೆ ನಕ್ಷೆ, ಫೋಟೋ, ಡ್ರೋನ್ ಚಿತ್ರ ಏನು ಸಿಗತ್ತೋ ಅದು. ಆದ್ರೆ ರೆಕ್ಕಿಗೆ ಅಂತ ನಾಯಕ ಎದ್ದು ಹೋಗೋವಾಗ ಹಿಂದೆ ಉಳಿಯೋರಿಗೆ ಐದು ವಿಷಯ ಹೇಳಿ ಹೋಗ್ಬೇಕು: ನಾನು ಎಲ್ಲಿಗೆ ಹೋಗ್ತಿದೀನಿ, ಜೊತೆಗೆ ಯಾರನ್ನ ಕರ್ಕೊಂಡು ಹೋಗ್ತಿದೀನಿ, ಎಷ್ಟು ಹೊತ್ತು, ಅಷ್ಟರಲ್ಲಿ ಬರಲಿಲ್ಲ ಅಂದ್ರೆ ನೀವೇನು ಮಾಡ್ಬೇಕು, ನನ್ನ ಮೇಲೆ ಗುಂಡು ಬಿದ್ರೆ ನಾನೇನು ಮಾಡ್ತೀನಿ ನೀವೇನು ಮಾಡ್ಬೇಕು ನಿಮ್ಮ ಮೇಲೆ ಬಿದ್ರೆ ಏನು. ಅರ್ಧ ನಿಮಿಷದ ಮಾತು. ಇದನ್ನ ಹೇಳ್ದೆ ಹೋದ ನಾಯಕ ಕತ್ತಲಲ್ಲಿ ವಾಪಸ್ ಬರೋವಾಗ ತನ್ನ ಜನರ ಬಂದೂಕಿಗೇ ಎದುರಾಗಿ ಬರ್ತಾನೆ. ಈ ಐದು ಮಾತನ್ನ ಊಟಕ್ಕೆ ಎದ್ದು ಹೋಗೋವಾಗ್ಲೂ ಟ್ರೈನಿಗಳ ಕೈಲಿ ಹೇಳಿಸ್ಬೇಕು, ನಾಲಿಗೆಗೆ ಅಂಟ್ಕೊಳ್ಳೋವರೆಗೂ.

ಈಗ ಆರ್ಡರ್. ಪರಿಸ್ಥಿತಿ, ಕೆಲಸ, ಮಾಡೋ ವಿಧಾನ, ಸರಬರಾಜು, ಕಮಾಂಡ್ ಮತ್ತು ಸಿಗ್ನಲ್ ಅಂತ ಐದು ಪ್ಯಾರಾ. ಕೋರ್ಸ್‌ಗಳಲ್ಲಿ ಮಾರ್ಕ್ಸ್ ಇರೋದು ಪೂರ್ತಿ ಇಲ್ಲೇ. ಯಾವ ತಲೆಬರಹ ಬಿಟ್ಟ, ದನಿ ಹೇಗಿತ್ತು, ಸ್ಯಾಂಡ್ ಮಾಡೆಲ್ (ಆ ಜಾಗದ ಮಣ್ಣಿನ ಮಾದರಿ) ಮೇಲೆ ಕೋಲು ಸರಿಯಾಗಿ ತೋರಿಸಿದ್ನಾ ಅಂತ ಇನ್‌ಸ್ಟ್ರಕ್ಟರ್ ಟಿಕ್ ಹಾಕ್ತಾ ಕೂತಿರ್ತಾನೆ, ಹಾಗಾಗಿ ಟ್ರೈನಿಯೂ ಮಾತಾಡೋದು ಇನ್‌ಸ್ಟ್ರಕ್ಟರ್ ಕಡೆ ನೋಡ್ಕೊಂಡು, ಎದುರಿಗೆ ಕೂತಿರೋ ಜವಾನರ ಕಡೆ ನೋಡ್ಕೊಂಡಲ್ಲ. ಒಂದೂವರೆ ಗಂಟೆ ಆರ್ಡರ್ ಕೊಟ್ಟು ಪೂರ್ತಿ ಮಾರ್ಕ್ಸ್ ತಗೊಂಡವರನ್ನ ನೋಡಿದೀನಿ, ಅದು ಮುಗಿದ ಮೇಲೆ ಕೊನೇ ಸಾಲಲ್ಲಿ ಕೂತವನನ್ನ ಪಕ್ಕಕ್ಕೆ ಕರೆದು ಏನಪ್ಪಾ ರಾತ್ರಿ ನಿನ್ನ ಕೆಲಸ ಅಂತ ಕೇಳಿದ್ರೆ ಮುಂದಿನವನ ಹಿಂದೆ ಹೋಗೋದು ಸಾರ್ ಅಂತಾನೆ. ಅವನ ತಪ್ಪಲ್ಲ ಅದು.

ಆ ಐದು ಪ್ಯಾರಾದಲ್ಲಿ ಒಂದೇ ವಾಕ್ಯ, ಕೆಲಸ ಏನು ಅಂತ ಹೇಳೋದು, ಎಲ್ರಿಗೂ ಬಾಯಿಪಾಠ ಆಗ್ಬೇಕು, ಎರಡು ಸಲ ಹೇಳ್ಬೇಕು ಅಂತ ಪದ್ಧತಿ ಇರೋದೂ ಅದಕ್ಕೇ. ಯಾರು, ಏನು, ಎಲ್ಲಿ, ಯಾವಾಗ, ಯಾತಕ್ಕೆ. ಕೊನೇದು ಮುಖ್ಯ. "2ನೇ ಪ್ಲಟೂನ್ ಬೆಳಗಿನ ಜಾವ 4ಕ್ಕೆ ದಿಬ್ಬವನ್ನ ವಶ ಮಾಡ್ಕೊಳ್ಳತ್ತೆ" ಅಂದ್ರೆ ಅರ್ಧ ಮಾತು, "ಕಂಪನಿ ಕೆಳಗಿನ ರಸ್ತೆ ದಾಟೋವಾಗ ಮೇಲಿಂದ ಗುಂಡು ಬೀಳದ ಹಾಗೆ" ಅನ್ನೋದು ಸೇರಿದ್ರೆ ಪೂರ್ತಿ (ಕಂಪನಿ ಅಂದ್ರೆ ಕೆಲವು ಪ್ಲಟೂನ್ ಸೇರಿದ ತುಕಡಿ). ದಿಬ್ಬ ಹತ್ತಿ ನೋಡ್ತಾರೆ, ಅಲ್ಲಿ ಯಾರೂ ಇಲ್ಲ, ಶತ್ರು ಪಕ್ಕದ ದಿಬ್ಬದಲ್ಲಿ ಇದಾನೆ, ನಾಯಕ ಗಾಯ ಆಗಿ ಬಿದ್ದಿದಾನೆ, ರೇಡಿಯೋ ಇಲ್ಲ. ಯಾತಕ್ಕೆ ಅಂತ ಗೊತ್ತಿರೋ ಲ್ಯಾನ್ಸ್ ನಾಯಕ್, ಜವಾನನಿಗಿಂತ ಒಂದು ಮೆಟ್ಟಿಲು ಮೇಲಿನವನು, ಪಕ್ಕದ ದಿಬ್ಬದ ಮೇಲೆ ಗುಂಡು ಶುರು ಮಾಡ್ತಾನೆ, ಗೊತ್ತಿಲ್ಲದವನು ಖಾಲಿ ದಿಬ್ಬ ಕಾಯ್ತಾ ಕೂರ್ತಾನೆ. ಜರ್ಮನ್ ಸೇನೆ 19ನೇ ಶತಮಾನದಿಂದ ಬೆಳೆಸ್ಕೊಂಡು ಬಂದ ಪದ್ಧತಿಯ ಸಾರ ಇದೇ, ಉದ್ದೇಶ ಮೇಲಿನವನು ಹೇಳ್ತಾನೆ, ದಾರಿ ಕೆಳಗಿನವನು ಹುಡುಕ್ತಾನೆ, ಇವತ್ತು ಬಹಳಷ್ಟು ಸೇನೆಗಳು ಇದನ್ನ ಒಪ್ಪಿವೆ, ಕನಿಷ್ಠ ಕಾಗದದ ಮೇಲೆ.

ಆರ್ಡರ್ ಮುಗೀತು ಅಂದ್ರೆ ಪ್ಲಾನಿಂಗ್ ಮುಗೀತು ಅಂತ ಅಂದ್ಕೊಂಡಿರ್ತಾರೆ, ನನ್ನ ಮಟ್ಟಿಗೆ ನಿಜವಾದ ಕೆಲಸ ಶುರು ಆಗೋದೇ ಆಮೇಲೆ. ರಿಹರ್ಸಲ್. ಟೈಮ್ ಕಮ್ಮಿ ಬಿದ್ದಾಗ ಮೊದಲು ಕತ್ತರಿ ಬೀಳೋದೂ ಇದಕ್ಕೇ.

ಇತಿಹಾಸದಿಂದ ಎರಡು ಉದಾಹರಣೆ ಕೊಡ್ತೀನಿ. ಮೊದಲ ಮಹಾಯುದ್ಧದಲ್ಲಿ 1917ರ ಏಪ್ರಿಲ್ 9ರಂದು ಕೆನಡಾದ ನಾಲ್ಕು ಡಿವಿಷನ್‌ಗಳು ಫ್ರಾನ್ಸ್‌ನ ವಿಮಿ ದಿಬ್ಬದ ಮೇಲೆ ದಾಳಿ ಮಾಡಿದ್ವು. ಅದಕ್ಕೂ ಮುಂಚೆ ವಾರಗಟ್ಟಲೆ ಹಿಂದಿನ ಬಯಲಲ್ಲಿ ಜರ್ಮನ್ ಕಂದಕಗಳ ಗುರುತಿಗೆ ಟೇಪ್ ಎಳೆದು ಅದರ ಮೇಲೆ ನಡೆದು ನಡೆದು ಅಭ್ಯಾಸ ಮಾಡಿದ್ರು, ಅಧಿಕಾರಿಗಳ ಕೈಯಲ್ಲೇ ಇರ್ತಿದ್ದ ನಕ್ಷೆಗಳನ್ನ ಸುಮಾರು 40,000 ಪ್ರತಿ ಮಾಡಿ ಸೆಕ್ಷನ್ ಮಟ್ಟದವರೆಗೂ ಹಂಚಿದ್ರು. ಅಧಿಕಾರಿ ಬಿದ್ರೆ ಸಾರ್ಜೆಂಟ್, ಸಾರ್ಜೆಂಟ್ ಬಿದ್ರೆ ಕಾರ್ಪೊರಲ್ ಮುಂದುವರಿಸ್ಬೇಕು ಅನ್ನೋದು ಲೆಕ್ಕ. ಹಾಗಂತ ನಷ್ಟ ಆಗಲಿಲ್ಲ ಅಂತಲ್ಲ, ನಾಲ್ಕು ದಿನದಲ್ಲಿ ಸತ್ತವರು ಗಾಯಗೊಂಡವರು ಸೇರಿ 10,000 ದಾಟಿದ್ರು, ಆದ್ರೆ ಅದಕ್ಕೂ ಮುಂಚೆ ಅಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಜನ ಸತ್ತೂ ಸಿಗದೇ ಇದ್ದ ದಿಬ್ಬ ಸಿಕ್ತು.

ಇನ್ನೊಂದು ನನಗೆ ಬಹಳ ಇಷ್ಟದ್ದು, ತರಗತಿಯಲ್ಲಿ ಪ್ರತಿ ಬ್ಯಾಚ್‌ಗೂ ಹೇಳ್ತಿದ್ದಿದ್ದು. 1944ರ ಜೂನ್ 6, ಎರಡನೇ ಮಹಾಯುದ್ಧದಲ್ಲಿ ಮಿತ್ರ ಸೇನೆಗಳು ಫ್ರಾನ್ಸ್‌ನ ನಾರ್ಮಂಡಿ ತೀರದಲ್ಲಿ ಇಳಿಯೋದಕ್ಕೂ ಕೆಲವು ಗಂಟೆ ಮುಂಚೆ, ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಬ್ರಿಟಿಷ್ ಮೇಜರ್ ಜಾನ್ ಹೋವರ್ಡ್ ಸುಮಾರು 180 ಜನರನ್ನ ಆರು ಗ್ಲೈಡರ್‌ಗಳಲ್ಲಿ (ಇಂಜಿನ್ ಇಲ್ಲದ ವಿಮಾನ) ಕರ್ಕೊಂಡು ಹೋದ, ಕಾನ್ ಕಾಲುವೆ ಮೇಲಿನ ಸೇತುವೆ ಮತ್ತೆ ಹತ್ರದಲ್ಲೇ ಇದ್ದ ಆರ್ನ್ ನದಿ ಸೇತುವೆ ಎರಡನ್ನೂ ಒಡೆಯದ ಹಾಗೆ ಹಿಡೀಬೇಕು. ಇಂಗ್ಲೆಂಡ್‌ನ ಎಕ್ಸಿಟರ್ ಹತ್ರ ಅಂಥದ್ದೇ ಜೋಡಿ ಸೇತುವೆ ಹುಡುಕಿ ಹಗಲು ರಾತ್ರಿ ಅಭ್ಯಾಸ ಮಾಡ್ಸಿದ್ದ. ಅದರಲ್ಲಿ ಗಮನಿಸ್ಬೇಕಾದ್ದು ಏನಂದ್ರೆ, ಯಾವ ಗ್ಲೈಡರ್ ಮೊದಲು ಇಳಿಯತ್ತೋ ಯಾವುದು ದಾರಿ ತಪ್ಪತ್ತೋ ಗೊತ್ತಿಲ್ಲ, ಹಾಗಾಗಿ ಪ್ರತಿ ಪ್ಲಟೂನ್‌ಗೂ ಬೇರೆ ಪ್ಲಟೂನ್‌ಗಳ ಕೆಲಸಾನೂ ಬರಲೇಬೇಕು ಅಂತ ಅದಲುಬದಲು ಮಾಡ್ಸಿ ಮಾಡ್ಸಿ ಕಲಿಸಿದ್ದ. ಆಗಿದ್ದೂ ಹಾಗೇ, ಒಂದು ಗ್ಲೈಡರ್ ಮೈಲಿಗಟ್ಟಲೆ ದೂರ ಬೇರೆ ನದಿ ಹತ್ರ ಹೋಗಿ ಇಳೀತು. ಮೊದಲ ಪ್ಲಟೂನ್ ಮುನ್ನಡೆಸಿದ ಲೆಫ್ಟಿನೆಂಟ್ ಡೆನ್ ಬ್ರದರಿಜ್‌ಗೆ ಸೇತುವೆ ಮೇಲೆ ಓಡ್ತಾನೇ ಗುಂಡು ಬಿತ್ತು, ಬದುಕಲಿಲ್ಲ, ಕಾಲುವೆ ಕಡೆ ಇಳಿದ ಇನ್ನಿಬ್ಬರು ಪ್ಲಟೂನ್ ಕಮಾಂಡರ್‌ಗಳಿಗೂ ಗಾಯ. ಮೂರೂ ಪ್ಲಟೂನ್‌ಗಳನ್ನ ಕಾರ್ಪೊರಲ್‌ಗಳು ನಡೆಸಿದ್ರು. ಸುಮಾರು 15 ನಿಮಿಷದೊಳಗೆ ಎರಡೂ ಸೇತುವೆ ಕೈಗೆ ಬಂದಿತ್ತು. ಆ ಕಾರ್ಪೊರಲ್‌ಗಳು ಅವತ್ತು ರಾತ್ರಿ ಹೊಸದಾಗಿ ಏನೂ ಕಲಿಯಲಿಲ್ಲ, ಎಕ್ಸಿಟರ್‌ನಲ್ಲಿ ಕಾಲಲ್ಲಿ ಕಲ್ತಿದ್ದನ್ನೇ ಮಾಡಿದ್ರು.

ಅಷ್ಟು ಸೌಲಭ್ಯ ಎಲ್ರಿಗೂ ಸಿಗಲ್ಲ ಅಂತೀರಿ, ನಿಜ. ಆದ್ರೆ ಒಂದು ಗಂಟೆ ಇದ್ರೂ ರಿಹರ್ಸಲ್ ಆಗತ್ತೆ. ಮಣ್ಣು, ಕಲ್ಲು, ದಾರ, ಎಲೆ ಇಟ್ಟು ಸ್ಯಾಂಡ್ ಮಾಡೆಲ್ ಮಾಡಿ, ಉತ್ತರ ದಿಕ್ಕು ಗುರುತು ಹಾಕಿ, ಪ್ರತಿ ಸೆಕ್ಷನ್ ಕಮಾಂಡರ್ ತನ್ನ ದಾರೀಲಿ ತಾನೇ ನಡೆದು ಬಾಯಲ್ಲಿ ಹೇಳ್ತಾ ಹೋಗ್ಬೇಕು, ಇಲ್ಲಿ ನಾನು ನಿಲ್ತೀನಿ, ಇಲ್ಲಿಂದ ನನ್ನ ಮೆಷಿನ್‌ಗನ್ ಹೊಡೆಯತ್ತೆ, ಆಗ ನೀನೆಲ್ಲಿರ್ತೀಯಾ ಅಂತ ಇನ್ನೊಬ್ಬನನ್ನ ಕೇಳ್ತಾ. ಅಷ್ಟರಲ್ಲೇ ಒಬ್ಬರ ಗುಂಡಿಗೆ ಇನ್ನೊಬ್ಬರು ಅಡ್ಡ ಬರೋ ಜಾಗ ಕಾಣ್ಸತ್ತೆ. ಟೈಮ್ ಇಲ್ಲ ಅಂದ್ರೆ ಮೊದಲು ಗುರಿ ಹತ್ರ ಮಾಡೋ ಕೆಲಸ ರಿಹರ್ಸಲ್ ಮಾಡಿ, ನಡ್ಕೊಂಡು ಹೋಗೋದನ್ನ ಆಮೇಲೆ. ಬಹಳ ಜನ ಹೊರಡೋದರಿಂದ ಶುರು ಮಾಡ್ತಾರೆ, ಗುರಿ ಮುಟ್ಟೋ ಹೊತ್ತಿಗೆ ಟೈಮ್ ಮುಗಿದಿರತ್ತೆ. ಮಾಡೆಲ್ ನಿಜಕ್ಕೆ ಎಲ್ಲೆಲ್ಲಿ ಹೋಲಲ್ಲ ಅಂತಾನೂ ಕೇಳ್ಕೋಬೇಕು. 2011ರ ಮೇ ತಿಂಗಳಲ್ಲಿ ಬಿನ್ ಲಾಡೆನ್‌ಗಾಗಿ ಪಾಕಿಸ್ತಾನದ ಅಬೋಟಾಬಾದ್‌ನಲ್ಲಿ ನಡೆದ ಕಾರ್ಯಾಚರಣೆಗೆ ಅಮೆರಿಕದವರು ಪೂರ್ತಿ ಅಳತೆಯ ಮಾದರಿ ಕಟ್ಟಿ ಅಭ್ಯಾಸ ಮಾಡಿದ್ರು, ವರದಿಗಳ ಪ್ರಕಾರ ಮಾದರೀಲಿ ಗೋಡೆ ಬದಲು ತಂತಿ ಬೇಲಿ ಇತ್ತು, ನಿಜವಾದ ಗೋಡೆ ಮಧ್ಯೆ ಗಾಳಿ ಹೊರಗೆ ಹೋಗೋಕೆ ದಾರಿ ಇಲ್ದೆ ಒಂದು ಹೆಲಿಕಾಪ್ಟರ್ ಕೆಳಗೆ ಬಿತ್ತು. ಅಷ್ಟಾದ್ರೂ ಕೆಲಸ ನಿಲ್ಲಲಿಲ್ಲ, ಮೀಸಲು ಹೆಲಿಕಾಪ್ಟರ್‌ಗಳನ್ನ ಮೊದಲೇ ಹತ್ರ ತಂದಿಟ್ಟಿದ್ರು.

ಕೊನೇ ಇನ್‌ಸ್ಪೆಕ್ಷನ್ ಬಗ್ಗೆ ಎರಡು ಮಾತು. ಸಾಲಾಗಿ ನಿಲ್ಸಿ ಎಲ್ಲ ಸರಿ ಇದ್ಯಾ ಅಂತ ಕೇಳಿದ್ರೆ ಎಲ್ರೂ ಇದೆ ಸಾರ್ ಅಂತಾರೆ. ಕೈ ಹಾಕಿ ನೋಡ್ಬೇಕು. ಅಲ್ಲೇ ಎಗರೋಕೆ ಹೇಳಿ ನೋಡಿ, ಏನು ಗಲಗಲ ಅನ್ನತ್ತೆ ಕೇಳಿ, ಅರ್ಧ ತುಂಬಿದ ನೀರಿನ ಬಾಟಲಿ ಕತ್ತಲಲ್ಲಿ ಎಷ್ಟು ದೂರ ಕೇಳ್ಸತ್ತೆ ಅಂತ ಅನುಭವ ಇದ್ದೋರಿಗೆ ಗೊತ್ತು. ರೇಡಿಯೋದ ಸ್ಪೇರ್ ಬ್ಯಾಟರಿ ಯಾರ ಚೀಲದಲ್ಲಿದೆ, ಆ ಬ್ಯಾಟರಿ ಹಾಕಿ ರೇಡಿಯೋ ಆನ್ ಆಗತ್ತಾ ಅಂತ ಅಲ್ಲೇ ನೋಡಿದಾರಾ? ರಕ್ತ ನಿಲ್ಸೋ ಪಟ್ಟಿ ಎಲ್ರ ಮೈಮೇಲೂ ಒಂದೇ ಜಾಗದಲ್ಲಿದ್ಯಾ, ಯಾಕಂದ್ರೆ ಕತ್ತಲಲ್ಲಿ ಅದನ್ನ ಹುಡುಕೋದು ಗಾಯ ಆದವನಲ್ಲ, ಪಕ್ಕದವನು. ಆಮೇಲೆ ಪ್ರಶ್ನೆ. ಪಾಸ್‌ವರ್ಡ್ ಏನು? ಚದುರಿ ಹೋದ್ರೆ ಸೇರೋ ಜಾಗ ಎಲ್ಲಿ? ನಿನ್ನ ಕಮಾಂಡರ್ ಬಿದ್ರೆ ಯಾರ ಮಾತು ಕೇಳ್ತೀಯಾ, ಅವನೂ ಬಿದ್ರೆ?

ಯುದ್ಧ ಶುರು ಆದ ಮೇಲೆ ಪ್ಲಾನ್ ಹಾಗೇ ಉಳಿಯಲ್ಲ, ಇಷ್ಟೆಲ್ಲ ಯಾಕೆ ಅಂತ ಕೇಳೋರಿದ್ದಾರೆ. ಪ್ರಷ್ಯಾ ಸೇನೆಯ ಸ್ಟಾಫ್ ಮುಖ್ಯಸ್ಥ ಮೋಲ್ಟ್ಕೆ 19ನೇ ಶತಮಾನದಲ್ಲೇ ಹೆಚ್ಚುಕಮ್ಮಿ ಇದೇ ಅರ್ಥದ ಮಾತು ಹೇಳಿದ್ದ, ಶತ್ರುವಿನ ಮುಖ್ಯ ಬಲ ಎದುರಾದ ಮೇಲೆ ಯಾವ ಪ್ಲಾನೂ ಖಚಿತವಾಗಿ ಮುಂದಕ್ಕೆ ಹೋಗಲ್ಲ ಅಂತ. ಅದನ್ನ ಹಿಡ್ಕೊಂಡು ಪ್ಲಾನೇ ಬೇಡ ಅನ್ನೋರು ಮೋಲ್ಟ್ಕೆ ಸ್ಟಾಫ್ ಎಷ್ಟು ವರ್ಷ ರೈಲು ವೇಳಾಪಟ್ಟಿ, ನಕ್ಷೆ, ಯುದ್ಧಾಭ್ಯಾಸ ಅಂತ ಕೂತು ಕೆಲಸ ಮಾಡಿತ್ತು ಅನ್ನೋದನ್ನ ಮರೀತಾರೆ. ಪ್ಲಾನ್ ಮುರಿದಾಗ ಹತ್ತೂ ಜನಕ್ಕೆ ಒಟ್ಟಿಗೆ ಹೊಸ ದಾರಿ ಹಿಡಿಯೋಕೆ ಆಗ್ಬೇಕಂದ್ರೆ ಹಳೇದು ಅವರೆಲ್ಲರ ತಲೇಲಿ ಒಂದೇ ಥರ ಇದ್ದಿರ್ಬೇಕು.

ಇನ್ನೊಂದು ಈಚೆಗಿನ ತೊಂದರೆ, ಟ್ಯಾಬ್ಲೆಟ್ ಬಂದ ಮೇಲೆ ಆರ್ಡರ್‌ಗಳು ಉದ್ದ ಆಗ್ತಿವೆ, ಚಿತ್ರ ಚೆಂದ ಇರತ್ತೆ, ಹಳೇ ಆರ್ಡರ್ ಕಾಪಿ ಮಾಡಿ ಹೆಸರು ಬದಲಾಯಿಸ್ತಾರೆ. ಸಾಧನ ಬೇಡ ಅನ್ನಲ್ಲ, ಆದ್ರೆ ಅದರಿಂದ ಉಳಿದ ಟೈಮ್ ಜವಾನನಿಗೆ ಸಿಗ್ತಿದ್ಯಾ ಅಥವಾ ಇನ್ನಷ್ಟು ಸ್ಲೈಡ್‌ಗೆ ಹೋಗ್ತಿದ್ಯಾ ಅನ್ನೋದನ್ನ ನೋಡ್ಬೇಕು.

ಹಾಗಾದ್ರೆ ಹೇಗೆ ಕಲಿಸ್ಬೇಕು ಅಂತ ಕೇಳಿದ್ರೆ ನನ್ನ ಬೇಡಿಕೆ ಇಷ್ಟು. ಮೊದಲ ವಾರ ಆರ್ಡರ್ ಬರೆಸ್ಬೇಡಿ, ಬರೀ ಟೈಮ್‌ಟೇಬಲ್ ಮತ್ತೆ ವಾರ್ನಿಂಗ್ ಆರ್ಡರ್ ಮಾಡ್ಸಿ, ದಿನಕ್ಕೆ ನಾಲ್ಕು ಸಲ, ಸಣ್ಣ ಸಣ್ಣ ಕೆಲಸ ಕೊಟ್ಟು. ಆಮೇಲೆ ಕೆಲಸ ಕೊಟ್ಟು ಮಧ್ಯದಲ್ಲಿ ಎರಡು ಗಂಟೆ ಕಿತ್ಕೊಳಿ, ಹೊರಡೋ ಟೈಮ್ ಮುಂಚೆ ಬಂತು ಅಂತ ಹೇಳಿ, ಅವನು ಏನು ಬಿಡ್ತಾನೆ ಏನು ಉಳಿಸ್ಕೊಳ್ತಾನೆ ನೋಡಿ. ರಿಹರ್ಸಲ್ ಬಿಟ್ಟು ಆರ್ಡರ್ ಉಳಿಸ್ಕೊಂಡ್ರೆ ಅವನಿಗೆ ಇನ್ನೂ ಅರ್ಥ ಆಗಿಲ್ಲ. ಅಭ್ಯಾಸ ಶುರು ಆದ ಹತ್ತನೇ ನಿಮಿಷಕ್ಕೆ ನಾಯಕನ್ನ ನೀನು ಸತ್ತೆ ಅಂತ ಕೂರಿಸಿ, ಉಳಿದವರು ಏನು ಮಾಡ್ತಾರೋ ಅದೇ ಅವನ ಮಾರ್ಕ್ಸ್. ಮುಗಿದ ಮೇಲೆ ಎಲ್ರನ್ನೂ ಕೂರಿಸಿ ಏನಾಗ್ಬೇಕಿತ್ತು, ಏನಾಯ್ತು, ಯಾಕೆ ಅಂತ ಜವಾನರ ಬಾಯಿಂದಾನೇ ಹೇಳ್ಸಿ, ಕ್ಯಾಲಿಫೋರ್ನಿಯಾದ ಫೋರ್ಟ್ ಅರ್ವಿನ್‌ನಲ್ಲಿ ಅಮೆರಿಕದ ಸೇನೆ 1980ರ ದಶಕದಿಂದ ಇದನ್ನ ಮಾಡ್ಸ್ಕೊಂಡು ಬಂದಿದೆ, ಅಲ್ಲಿ ರ‍್ಯಾಂಕ್ ನೋಡ್ದೆ ಮಾತಾಡೋ ಅಭ್ಯಾಸ ಬೆಳೆದಿದ್ದು ಹಾಗೇ.

ಮತ್ತೆ ಪರೀಕ್ಷೆ ದಿನ ಇನ್‌ಸ್ಟ್ರಕ್ಟರ್ ಆರ್ಡರ್ ಕೇಳೋಕೆ ಹೋಗದೇ ಇದ್ರೂ ಪರ್ವಾಗಿಲ್ಲ. ಹೊರಡೋಕೆ ಅರ್ಧ ಗಂಟೆ ಇದೆ ಅನ್ನೋವಾಗ ಸೆಕ್ಷನ್‌ನ ಎಲ್ಲರಿಗಿಂತ ಕಿರಿಯ ಜವಾನನ ಹತ್ರ ಹೋಗಿ ಕೂತು, ರಾತ್ರಿ ಏನಪ್ಪಾ ಕೆಲಸ, ಯಾತಕ್ಕೆ, ನಿನ್ನದು ಏನು ಪಾತ್ರ, ಕೆಟ್ಟರೆ ಏನು ಮಾಡ್ತೀಯಾ ಅಂತ ಕೇಳಿ. ಆ ಹುಡುಗ ಏನು ಉತ್ತರ ಕೊಡ್ತಾನೋ ಅದನ್ನೇ ನಾಯಕನ ಫಲಿತಾಂಶ ಅಂತ ಬರ್ಕೊಳಿ. ತರಬೇತಿ ನಿಯಮ ಬರೆಯೋರು ಈ ಒಂದು ಬದಲಾವಣೆ ಮಾಡ್ಲಿ ಅಂತ ನಿಮ್ಮ ಪತ್ರಿಕೆ ಮೂಲಕ ಕೇಳ್ಕೊಳ್ತೀನಿ, ಇದಕ್ಕೆ ಹೊಸ ಸಾಧನ ಬೇಡ, ಖರ್ಚೂ ಇಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಇನ್‌ಸ್ಟ್ರಕ್ಟರ್